ಕೊಳಗ ಯಾವ ಊರಿನದು?

ಗಾಜಿನ ಹಿಂದೆ ಒಂದು ಮರದ ಕೊಳಗ ಇತ್ತು. ಬಾಯಿಗೂ ತಳಕ್ಕೂ ಕಬ್ಬಿಣದ ಪಟ್ಟಿ. ವರ್ಷಗಟ್ಟಲೆ ರಾಗಿ, ಭತ್ತ ಬಾಚಿ ಬಾಚಿ ಅಂಚು ನುಣ್ಣಗಾಗಿತ್ತು. ಪಕ್ಕದ ಚೀಟಿಯಲ್ಲಿ ‘ಕೊಳಗ, ಧಾನ್ಯ ಅಳೆಯುವ ಸಾಧನ’ ಎಂದು ಬರೆದಿತ್ತು, ಅಷ್ಟೇ. ನಮ್ಮ ರಾಜ್ಯದ ಒಂದು ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯ ಅದು. ಯಾವ ಊರಿನ ಕೊಳಗ ಎಂದು ಕೇಳಿದೆ. ಅಲ್ಲಿದ್ದವರು ಬೇಸರಪಡದೆ ದಾಖಲೆ ಪುಸ್ತಕ ತೆಗೆದು ನೋಡಿದರು. ಸಂಖ್ಯೆ ಇತ್ತು, ವಸ್ತುವಿನ ಹೆಸರಿತ್ತು. ಊರಿನ ಹೆಸರು ಬರೆಯಬೇಕಾದ ಜಾಗ ಖಾಲಿ ಇತ್ತು.

ಬೇರೆ ವಸ್ತುವಾಗಿದ್ದರೆ ಸುಮ್ಮನಾಗುತ್ತಿದ್ದೆನೇನೋ. ಊರಿಲ್ಲದ ಕೊಳಗ ಅಳತೆಯೇ ಅಲ್ಲ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬ ಲೆಕ್ಕ ಹಳೇ ಮೈಸೂರು ಸೀಮೆಯ ರೈತರಿಗೆಲ್ಲ ಗೊತ್ತು. ಆದರೆ ಒಂದು ಕೊಳಗಕ್ಕೆ ಎಷ್ಟು ಸೇರು ಎಂಬುದು ಸೀಮೆಯಿಂದ ಸೀಮೆಗೆ ಬೇರೆಯಾಗುತ್ತಿತ್ತು. ಗುತ್ತಿಗೆ ಕಾಳು, ಕೂಲಿಯ ಕಾಳು, ಸಾಲ ತಂದ ಕಾಳು ಎಲ್ಲವೂ ಆ ಊರಿನ ಕೊಳಗದಲ್ಲೇ ತೀರಬೇಕು. ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ಗದ್ದೆಯ ವಿಸ್ತೀರ್ಣವನ್ನೂ ಬಿತ್ತನೆಯ ಲೆಕ್ಕದಲ್ಲಿ ಸಲಗೆ, ಕೊಳಗ ಎಂದೇ ಹೇಳುತ್ತಾರೆ. 1956ರ ತೂಕ ಮತ್ತು ಅಳತೆಯ ಕಾಯಿದೆ ಬಂದು ಕಿಲೋ, ಲೀಟರು ಕಡ್ಡಾಯವಾದ ಮೇಲೆ ಕೊಳಗ ಅಟ್ಟ ಸೇರಿತು. ಅಟ್ಟದಿಂದ ಇಳಿದು ಗಾಜಿನ ಪೆಟ್ಟಿಗೆಗೆ ಬರುವಷ್ಟರಲ್ಲಿ ತನ್ನ ಊರನ್ನೇ ಕಳೆದುಕೊಂಡಿತ್ತು.

ನಾನು ಮೊಸಳೆಯವನು. ಹಾಸನದಿಂದ ಹತ್ತು ಕಿಲೋಮೀಟರಿನಷ್ಟು ದೂರದ ಈ ಊರಿನಲ್ಲಿ ನಾಗೇಶ್ವರ, ಚೆನ್ನಕೇಶವ ಎಂಬ ಎರಡು ಗುಡಿಗಳು ಅಕ್ಕಪಕ್ಕ ನಿಂತಿವೆ. ಇಮ್ಮಡಿ ವೀರಬಲ್ಲಾಳನ ಕಾಲ, ಸುಮಾರು ಕ್ರಿ.ಶ. 1200. ಶಿವನಿಗೊಂದು, ವಿಷ್ಣುವಿಗೊಂದು. ಅಳತೆ, ಗೋಪುರ, ಮೆಟ್ಟಿಲು ಎಲ್ಲ ಅವಳಿಜವಳಿಯಂತೆ. ಒಳಗೆ ಕತ್ತೆತ್ತಿ ನೋಡಿದರೆ ಭುವನೇಶ್ವರಿ ಎನ್ನುವ ಒಳಮಾಡಿನ ಕೆತ್ತನೆ. ಹುಡುಗರಾಗಿದ್ದಾಗ ಜಗಲಿಯ ಮೇಲೆ ಬೆನ್ನು ಹಾಕಿ ಮಲಗಿ ನೋಡುತ್ತಿದ್ದೆವು, ಕಲ್ಲಿನ ತಂಪು ಈಗಲೂ ಬೆನ್ನಿಗೆ ನೆನಪಿದೆ. ನಮ್ಮ ಜಿಲ್ಲೆಯ ಶಿಲ್ಪಿಗಳಿಗೆ ಒಂದು ಅಭ್ಯಾಸವಿತ್ತು. ತಾವು ಮಾಡಿದ ಮೂರ್ತಿಯ ಅಡಿಯಲ್ಲಿ ಹೆಸರು ಕೊರೆಯುತ್ತಿದ್ದರು. ಬೇಲೂರಿನಲ್ಲಿ ದಾಸೋಜ ಎಂದಷ್ಟೇ ಇಲ್ಲ, ಬಳ್ಳಿಗಾವೆಯ ದಾಸೋಜ ಎಂದಿದೆ. ಅವನ ಮಗ ಚಾವಣನ ಹೆಸರೂ ಇದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿ 1246ರದು. ಅದರ ಗೋಡೆಯ ಮೇಲೆ ಬೈಚೋಜ, ಮಲ್ಲಿತಮ್ಮ ಇಬ್ಬರೂ ಇದ್ದಾರೆ. ಎಂಟು ಒಂಬತ್ತು ನೂರು ವರ್ಷದ ಹಿಂದೆ ಕಲ್ಲುಕುಟಿಗನ ಹೆಸರು, ಊರು ಉಳಿದಿರುವಾಗ ಐವತ್ತು ಅರವತ್ತು ವರ್ಷದ ಹಿಂದೆ ಯಾರದೋ ಮನೆಯಿಂದ ತಂದ ಕೊಳಗಕ್ಕೆ ಊರಿಲ್ಲ. ನನ್ನನ್ನು ಕಾಡಿದ್ದು ಇದೇ.

ಅಲ್ಲಿಂದಾಚೆಗೆ ನಾನು ಯಾವ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯಕ್ಕೆ ಹೋದರೂ ಮೊದಲು ಚೀಟಿ ಓದುತ್ತೇನೆ, ಆಮೇಲೆ ವಸ್ತು ನೋಡುತ್ತೇನೆ.

ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ವಿಶ್ವವಿದ್ಯಾನಿಲಯದ್ದಕ್ಕೂ ಇರುವ ವ್ಯತ್ಯಾಸವನ್ನು ಮೊದಲು ಹೇಳಬೇಕು. ನೆಲ ಅಗೆದಾಗ, ಗುಡಿ ಬಿದ್ದಾಗ ಸಿಕ್ಕಿದ್ದು ಇಲಾಖೆಗೆ ಹೋಗುತ್ತದೆ. ವಿಶ್ವವಿದ್ಯಾನಿಲಯಕ್ಕೆ ವಸ್ತು ಬರುವುದು ಯಾರಾದರೂ ಹುಡುಕಿಕೊಂಡು ಹೋದಾಗ, ಪಾಠ ಹೇಳಲಿಕ್ಕೋ ಸಂಶೋಧನೆಗೋ ಬೇಕಾದಾಗ. ಆಕ್ಸ್‌ಫರ್ಡಿನ ಆಶ್ಮೋಲಿಯನ್ 1683ರಲ್ಲಿ ಬಾಗಿಲು ತೆರೆದದ್ದು ಎಲಿಯಾಸ್ ಆಶ್ಮೋಲ್ ಎಂಬಾತ ವಿಶ್ವವಿದ್ಯಾನಿಲಯಕ್ಕೆ ಕೊಟ್ಟ ಸಂಗ್ರಹದಿಂದ. ನಮ್ಮ ದೇಶದಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದ ಆಶುತೋಷ್ ವಸ್ತುಸಂಗ್ರಹಾಲಯ 1937ರಲ್ಲಿ ಶುರುವಾಯಿತು. ಬಂಗಾಳದ ಹಳ್ಳಿಯ ಹೆಂಗಸರು ಹೊಲಿದ ಕಾಂಥಾ ಕೌದಿಗಳಿಗೂ ಅಲ್ಲಿ ವಿಗ್ರಹಗಳ ಜೊತೆಗೇ ಜಾಗ ಸಿಕ್ಕಿತು. ಕಾಶಿಯಲ್ಲಿ ರಾಯ್ ಕೃಷ್ಣದಾಸ್ 1920ರಲ್ಲಿ ಕಟ್ಟತೊಡಗಿದ ಭಾರತ ಕಲಾ ಭವನ 1950ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದ ಮಡಿಲು ಸೇರಿತು. ಎಲ್ಲ ಕಡೆ ಮೊದಲು ಒಬ್ಬ ಹುಚ್ಚು ಹಿಡಿದ ಮನುಷ್ಯ, ಆಮೇಲೆ ಕಟ್ಟಡ.

ಮೈಸೂರಿನಲ್ಲಿ ಮಾತ್ರ ಕಟ್ಟಡ ಮೊದಲು ಬಂತು.

ಮೊಸಳೆಹೊಸಹಳ್ಳಿಯಲ್ಲಿ ರೈಲು ಹತ್ತಿದರೆ ಹೊಳೆನರಸೀಪುರ, ಕೃಷ್ಣರಾಜನಗರ ದಾಟಿ ಮೈಸೂರು. ನಮ್ಮ ಕಡೆಯವರಿಗೆ ಓದು, ಆಸ್ಪತ್ರೆ, ದಸರಾ ಎಲ್ಲಕ್ಕೂ ಅದೇ ದಾರಿ. ಮಾನಸಗಂಗೋತ್ರಿಯಲ್ಲಿ, ಕುಕ್ಕರಹಳ್ಳಿ ಕೆರೆಯ ಮಗ್ಗುಲ ದಿಬ್ಬದ ಮೇಲೆ ಜಯಲಕ್ಷ್ಮೀ ವಿಲಾಸ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕ ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿದ ಅರಮನೆ. ಅವರನ್ನು ಮದುವೆಯಾದ ಕಾಂತರಾಜ ಅರಸರು ಮುಂದೆ ಮೈಸೂರಿನ ದಿವಾನರಾದರು. ಕುವೆಂಪು ಕುಲಪತಿಗಳಾಗಿದ್ದಾಗ, 1959ರಲ್ಲಿ, ಸುತ್ತಲ ಸುಮಾರು 300 ಎಕರೆ ನೆಲದ ಸಮೇತ 10 ಲಕ್ಷ ರೂಪಾಯಿಗೆ ವಿಶ್ವವಿದ್ಯಾನಿಲಯ ಅದನ್ನು ಕೊಂಡಿತು. ಒಳಗೆ ಕಲ್ಯಾಣಮಂಟಪವೂ ಭುವನೇಶ್ವರಿ ಮಂಟಪವೂ ಇವೆ. ಭುವನೇಶ್ವರಿ ಎಂಬ ಮಾತು ಅಲ್ಲಿ ಕಿವಿಗೆ ಬಿದ್ದಾಗ ನನಗೆ ಊರಿನ ಗುಡಿಯ ಒಳಮಾಡು ಕಣ್ಣ ಮುಂದೆ ಬಂತು.

ಈ ರಾಜಕುಮಾರಿಯ ಮನೆಗೆ 1968ರ ಸುಮಾರಿಗೆ ನೇಗಿಲು, ಕೂರಿಗೆ, ಒನಕೆ, ಬೀಸುಕಲ್ಲು, ಮೀನಿನ ಕೂಳಿ, ಕಂಸಾಳೆ, ಎತ್ತಿನ ಕೊರಳಿನ ಗೆಜ್ಜೆ ಬಂದು ಕೂತವು. ಕನ್ನಡ ಅಧ್ಯಯನ ಸಂಸ್ಥೆಯನ್ನು ಕಟ್ಟುತ್ತಿದ್ದ ದೇ. ಜವರೇಗೌಡರು ಈ ಜಾನಪದ ವಸ್ತುಸಂಗ್ರಹಾಲಯಕ್ಕೆ ಬೆನ್ನಾಗಿ ನಿಂತರು. ಜೀ.ಶಂ. ಪರಮಶಿವಯ್ಯನವರೂ ಚಿತ್ರಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರೂ ಊರೂರು ಅಲೆದು ವಸ್ತುಗಳನ್ನು ತಂದರು. ಇಂದು ಅಲ್ಲಿ 6,500ಕ್ಕೂ ಹೆಚ್ಚು ವಸ್ತುಗಳಿವೆ ಎಂದು ಲೆಕ್ಕ. ಸಂಗ್ರಹ ಶುರುವಾದ ಆ ಕಾಲ ಎಂಥದು ಎಂದು ಯೋಚಿಸಿದರೆ ಅವರ ಕೆಲಸದ ತೂಕ ತಿಳಿಯುತ್ತದೆ. ಕೊಳಗ, ಬಳ್ಳ, ಸೇರು, ಪಾವು ಆಗಷ್ಟೇ ಅಂಗಡಿಯಿಂದ ಹಿಂದೆ ಸರಿದಿದ್ದವು. ಹಿಟ್ಟಿನ ಗಿರಣಿ ಹಳ್ಳಿಗೆ ಬರುತ್ತಿತ್ತು. ಹಿತ್ತಾಳೆಯ ಜಾಗಕ್ಕೆ ಸ್ಟೀಲು, ಮಣ್ಣಿನ ಜಾಗಕ್ಕೆ ಅಲ್ಯೂಮಿನಿಯಂ ಬರತೊಡಗಿದ್ದವು. ಇನ್ನು ಇಪ್ಪತ್ತು ವರ್ಷ ತಡವಾಗಿದ್ದರೆ ಅರ್ಧಕ್ಕರ್ಧ ಒಲೆಗೋ ಗುಜರಿಗೋ ಹೋಗಿರುತ್ತಿತ್ತು. ಹೋರಿ ಕಟ್ಟುವ ಹಗ್ಗವನ್ನು ಒಂದು ವಿಶ್ವವಿದ್ಯಾನಿಲಯ ಕಲೆಯೆಂದು ನೋಡುವುದು, ಅರಮನೆಯ ಕೋಣೆಯಲ್ಲಿ ಅದನ್ನು ತೂಗುಹಾಕುವುದು, ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ. ಆ ಮೂವರಿಗೂ ಹಳ್ಳಿಯವರ ಮಕ್ಕಳು ಋಣಿಗಳು.

ನಾನು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಸೋಮನ ಮುಖಗಳ ಮುಂದೆ. ಹಾಸನ, ಮಂಡ್ಯ, ತುಮಕೂರು ಸೀಮೆಯ ಗ್ರಾಮದೇವತೆಗಳ ಹಬ್ಬದಲ್ಲಿ ಸೋಮ ಬರುತ್ತಾನೆ. ರಕ್ತಭೂತಾಳೆ ಮರದಲ್ಲಿ ಕೊರೆದ ದೊಡ್ಡ ಮುಖ, ಅಗಲ ಕಣ್ಣು, ಕೋರೆಮೀಸೆ, ಕೆಂಪು ಬಣ್ಣ. ನಮ್ಮ ಸೀಮೆಯಲ್ಲಿ ಸೋಮನಿಗೆ ಮೊದಲು ಪೂಜೆ, ಆಮೇಲೆ ಕುಣಿತ. ಹೊತ್ತವನ ಮೈ ಬೆವರು, ತಮಟೆಯ ಏಟು, ಮಕ್ಕಳ ಹೆದರಿಕೆ ಎಲ್ಲ ಸೇರಿದರೆ ಸೋಮ. ಗೋಡೆಯ ಮೇಲೆ ಇರುವುದು ಅವನ ಮರ ಮಾತ್ರ. ಇದು ಸಂಗ್ರಹಾಲಯದ ತಪ್ಪಲ್ಲ, ಅದರ ಸ್ವಭಾವ. ಆದ್ದರಿಂದಲೇ ಮುಖದ ಜೊತೆಗೆ ಯಾವ ಊರಿನ ಯಾವ ದೇವತೆಯ ಸೋಮ, ಯಾರು ಕೊರೆದದ್ದು, ಕೊನೆಯ ಸಲ ಯಾವಾಗ ಕುಣಿದದ್ದು ಎಂಬ ನಾಲ್ಕು ಮಾತು ಬೇಕು. ಅಷ್ಟಿದ್ದರೆ ನೋಡುವವನ ಮನಸ್ಸಿನಲ್ಲಿ ತಮಟೆ ಬಾರಿಸುತ್ತದೆ.

ತೊಗಲುಗೊಂಬೆ, ಸೂತ್ರದ ಗೊಂಬೆ, ಆಟದ ಕಿರೀಟ, ಭುಜಕೀರ್ತಿ ಎಲ್ಲ ಅಲ್ಲಿವೆ. ಕನ್ನಡ ಲೇಖಕರು ಬಳಸುತ್ತಿದ್ದ ವಸ್ತುಗಳಿಗೂ ಒಂದು ವಿಭಾಗ ಇದೆ. ಆ ವಿಭಾಗದಲ್ಲಿ ಒಂದು ವಿಷಯ ಮನಸ್ಸಿಗೆ ಹೊಳೆಯುತ್ತದೆ. ಲೇಖಕರ ಕನ್ನಡಕಕ್ಕೆ ಹೆಸರು ಉಂಟು, ಏಕೆಂದರೆ ಹೆಸರಿನಿಂದಲೇ ಅದು ಅಲ್ಲಿಗೆ ಬಂದಿದೆ. ಪಕ್ಕದ ಕೋಣೆಯ ಒನಕೆ ಹಿಡಿದು ಐವತ್ತು ವರ್ಷ ಭತ್ತ ಕುಟ್ಟಿದ ಹೆಂಗಸಿಗೂ ಒಂದು ಹೆಸರಿತ್ತಲ್ಲ.

ಕಟ್ಟಡದ ಕಥೆ ನೋವಿನದು. ಹೆಚ್ಚು ಮಣ್ಣು, ಮರದಿಂದಲೇ ಎದ್ದ ಅರಮನೆ. ಮಳೆನೀರು ಒಮ್ಮೆ ದಾರಿ ಕಂಡುಕೊಂಡರೆ ಗೋಡೆ ಕರಗುತ್ತದೆ. ಇನ್ಫೋಸಿಸ್ ಪ್ರತಿಷ್ಠಾನದ ಒಂದು ಕೋಟಿಗೂ ಮೀರಿದ ನೆರವಿನಿಂದ 2002ರಲ್ಲಿ ಶುರುವಾದ ದುರಸ್ತಿ ಮುಗಿದು 2006ರಲ್ಲಿ ಮತ್ತೆ ಬಾಗಿಲು ತೆರೆಯಿತು. ಹದಿನಾರು ವರ್ಷ ಕಳೆಯುವಷ್ಟರಲ್ಲಿ, 2022ರ ಮಳೆಗೆ ಒಂದು ಭಾಗ ಕುಸಿಯಿತು. ಈಗ ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿಯಿಂದ ಪಶ್ಚಿಮ ಭಾಗದ ದುರಸ್ತಿಗೆ ನೆರವು ಬಂದಿದೆ. ಸಂತೋಷವೇ. ಆದರೆ ಒಮ್ಮೆ ಕೋಟಿ ಸುರಿದು ಹದಿನೈದು ವರ್ಷ ಹೆಂಚಿನ ಕಡೆ ನೋಡದಿರುವುದಕ್ಕಿಂತ ಪ್ರತಿ ವರ್ಷ ಮುಂಗಾರಿಗೆ ಮುಂಚೆ ಹೆಂಚು ಕೈಯಾಡಿಸುವ ಒಬ್ಬ ಬಡಗಿಗೆ ಸಂಬಳ ಕೊಡುವುದು ಹಳೆಯ ಕಟ್ಟಡಕ್ಕೆ ಹೆಚ್ಚು ಒಳ್ಳೆಯದು. ಹಳ್ಳಿಯಲ್ಲಿ ಮನೆ ಉಳಿಸಿಕೊಂಡವರೆಲ್ಲ ಹಾಗೇ ಉಳಿಸಿಕೊಂಡದ್ದು.

ಮೈಸೂರಿನಲ್ಲೇ ಇನ್ನೊಂದು ಮನೆ ಇದೆ, ಪ್ರಾಚ್ಯವಿದ್ಯಾ ಸಂಶೋಧನಾಲಯ. 1891ರಲ್ಲಿ ಸರ್ಕಾರಿ ಗ್ರಂಥಾಲಯವಾಗಿ ಹುಟ್ಟಿ 1916ರಲ್ಲಿ ಹೊಸ ವಿಶ್ವವಿದ್ಯಾನಿಲಯಕ್ಕೆ ಸೇರಿತು. ವಸ್ತುಸಂಗ್ರಹಾಲಯ ಎಂದು ಅದನ್ನು ಯಾರೂ ಕರೆಯುವುದಿಲ್ಲ. ಆದರೆ ತಾಳೆಗರಿಯ ಮೇಲೆ ಕಂಠದಿಂದ ಕೊರೆದ ಅಕ್ಷರದ ಸಾಲು, ಮಸಿ ಬಳಿದಾಗ ಅದು ಎದ್ದು ಕಾಣುವ ಬಗೆ, ಗರಿಗಳನ್ನು ಒತ್ತಿ ಹಿಡಿಯುವ ಮರದ ಪಟ್ಟಿ ನೋಡಿದವರು ಇದು ಕೈಕಸುಬಿನ ಕಲೆಯಲ್ಲ ಎನ್ನಲಾರರು. ಗರಿಗೆ ಎಣ್ಣೆ ಸವರುವವರ ಬೆರಳಿನ ಹದವೂ ಒಂದು ವಿದ್ಯೆಯೇ. ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿ 1905ರಲ್ಲಿ ಈ ಮನೆಗೆ ಬಂತು. ಆರ್. ಶಾಮಶಾಸ್ತ್ರಿಗಳು ಓದಿ, 1909ರಲ್ಲಿ ಅಚ್ಚು ಹಾಕಿಸಿ, ಜಗತ್ತಿಗೆ ಕೊಟ್ಟರು. ತಂದುಕೊಟ್ಟವರು ಯಾರು? ತಂಜಾವೂರು ಸೀಮೆಯ ಒಬ್ಬ ಪಂಡಿತರು ಎಂದಷ್ಟೇ ಪುಸ್ತಕ ಹೇಳುತ್ತದೆ. ಅಂಥ ದೊಡ್ಡ ಗ್ರಂಥವನ್ನು ಎಷ್ಟು ತಲೆಮಾರು ಕಾಪಾಡಿಕೊಂಡು ಬಂದ ಮನೆಯೋ ಏನೋ, ಅದರ ಹೆಸರು ಹೋಯಿತು. ಖಾಲಿ ಜಾಗ ಬಿಡುವ ನಮ್ಮ ಅಭ್ಯಾಸ ಹಳೆಯದು.

ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ ಮುಂಬಯಿ ಸರ್ಕಾರದ ಕಾಲದ್ದು, 1939ರಲ್ಲಿ ಆರಂಭ. ಆರ್.ಎಸ್. ಪಂಚಮುಖಿಯವರು ಮೊದಲ ನಿರ್ದೇಶಕರು. ಮುಂದೆ ಅದು ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿತು. ಅಲ್ಲಿನ ಸಂಗ್ರಹದ ಜೀವ ಕಲ್ಲಿನಲ್ಲಿದೆ. ಶಿಲ್ಪ, ಶಾಸನ, ವೀರಗಲ್ಲು. ವೀರಗಲ್ಲಿನ ಮುಂದೆ ನಿಂತರೆ ಕೆಳಗಿನಿಂದ ಮೇಲಕ್ಕೆ ಓದಬೇಕು: ಕಾಳಗ, ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕೂತ ವೀರ. ದನ ಬಿಡಿಸಲು ಹೋಗಿ ಸತ್ತ ಒಬ್ಬ ಸಾಮಾನ್ಯ ಮನುಷ್ಯನಿಗೆ ಅವನ ಊರಿನವರು ಕೊಟ್ಟ ಮರ್ಯಾದೆ. ಬರಹ ಇರುವ ಕಲ್ಲು ಎಲ್ಲಿಗೆ ಹೋದರೂ ತನ್ನ ಊರನ್ನು ತಾನೇ ಹೇಳಿಕೊಳ್ಳುತ್ತದೆ, ನಾಡು, ಆಳುವವನು, ಸತ್ತವನು ಎಲ್ಲ ಮೈಮೇಲೆಯೇ ಇರುತ್ತದೆ. ಮರ, ತೊಗಲು, ಬಟ್ಟೆ, ಬೆತ್ತಗಳಿಗೆ ಆ ಭಾಗ್ಯವಿಲ್ಲ. ಅವುಗಳ ಪರವಾಗಿ ನಾವು ಬರೆದಿಡಬೇಕು. ಶಾಸನಶಾಸ್ತ್ರವನ್ನು ಇಷ್ಟು ಎತ್ತರಕ್ಕೆ ಬೆಳೆಸಿದ ಕನ್ನಡ ವಿದ್ವತ್ತು ಈ ಬರೆದಿಡುವ ಕೆಲಸವನ್ನು ಗುಮಾಸ್ತಿಕೆ ಎಂದು ಕಡೆಗಣಿಸಿತೆಂದು ನನಗೆ ಅನ್ನಿಸುತ್ತದೆ.

ಕೆಳದಿಯಲ್ಲಿ ಗುಂಡಾ ಜೋಯಿಸರು ಜೀವಮಾನವಿಡೀ ಕೂಡಿಟ್ಟ ಸಂಗ್ರಹ ಕುವೆಂಪು ವಿಶ್ವವಿದ್ಯಾನಿಲಯದ ಆಶ್ರಯಕ್ಕೆ ಬಂದಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಹುಟ್ಟಿದಾಗಿನಿಂದ ಹಸ್ತಪ್ರತಿ, ಜನಪದ ವಸ್ತುಗಳನ್ನು ಸಂಗ್ರಹಿಸುತ್ತಿದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಿಂದ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯ ಇದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತು ವಿಶ್ವವಿದ್ಯಾನಿಲಯವಲ್ಲ, ಆದರೂ ಎಂ.ಎಸ್. ನಂಜುಂಡರಾಯರು ಹುಡುಕಿ ತಂದ ತೊಗಲುಗೊಂಬೆಗಳನ್ನು ಅಲ್ಲಿ ಕಲಾ ವಿದ್ಯಾರ್ಥಿಗಳು ನೋಡಿ ರೇಖೆ ಕಲಿಯುವುದನ್ನು ಇಲ್ಲಿ ನೆನೆಯಲೇಬೇಕು.

ಮಂಗಳೂರು ಬೇರೆಯೇ ಒಂದು ಪಾಠ ಹೇಳುತ್ತದೆ. 1880ರಲ್ಲಿ ಶುರುವಾದ ಸಂತ ಅಲೋಶಿಯಸ್ ಕಾಲೇಜು 2024ರಲ್ಲಿ ವಿಶ್ವವಿದ್ಯಾನಿಲಯದ ಸ್ಥಾನ ಪಡೆಯಿತು. ಅದರ ವಸ್ತುಸಂಗ್ರಹಾಲಯ 1913ರದು. ಆದರೆ ಆ ಆವರಣದ ನಿಜವಾದ ಕಲಾಶಾಲೆ ಅಲ್ಲಿನ ಪ್ರಾರ್ಥನಾ ಮಂದಿರ. ಇಟಲಿಯ ಅಂಟೋನಿಯೊ ಮೊಸ್ಕೆನಿ 1899ರಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಗೋಡೆ, ಮಾಡುಗಳ ತುಂಬ ಚಿತ್ರ ಬರೆದರು. ಹಸಿ ಗಾರೆ ಆರುವ ಮೊದಲೇ ಬಣ್ಣ ಹಚ್ಚುವ ವಿದ್ಯೆ ಅದು, ಕರಾವಳಿಯ ಮಳೆ ಮತ್ತು ಉಪ್ಪುಗಾಳಿಯಲ್ಲಿ ಇನ್ನೂ ಕಷ್ಟ. ಚಿತ್ರ ಬರೆದ ಜಾಗದಲ್ಲೇ ಇದೆ, ಬರೆದವರ ಹೆಸರು ಇದೆ, ಅದರ ಕೆಳಗೆ ಜನ ಇಂದಿಗೂ ಮೊಣಕಾಲೂರುತ್ತಾರೆ. ನಮ್ಮ ಮೊಸಳೆಯ ಗುಡಿಗಳ ಹಾಗೆ ಇದಕ್ಕೂ ಚೀಟಿ ಬೇಡ. ವಸ್ತುವನ್ನು ಅದರ ಊರಿನಲ್ಲೇ ಉಳಿಸಲಾದರೆ ಅದಕ್ಕಿಂತ ದೊಡ್ಡ ಸಂಗ್ರಹಾಲಯ ಇಲ್ಲ. ಉಳಿಸಲಾಗದಾಗ ಊರಿನ ಹೆಸರನ್ನಾದರೂ ಜೊತೆಗೆ ಕಳಿಸಬೇಕು.

ಹಾಗೆ ಕಳಿಸಿದ ಒಂದು ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಎಂ.ಎಚ್. ಕೃಷ್ಣ. ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರು. ಆಗ ಪುರಾತತ್ತ್ವ ಇಲಾಖೆಯೂ ವಿಶ್ವವಿದ್ಯಾನಿಲಯದ ಜೊತೆಗೇ ಇತ್ತು, ಅದರ ವಾರ್ಷಿಕ ವರದಿಗಳನ್ನು ವಿಶ್ವವಿದ್ಯಾನಿಲಯವೇ ಅಚ್ಚು ಹಾಕಿಸುತ್ತಿತ್ತು. ಸುಮಾರು ಕ್ರಿ.ಶ. 450ರ ಆ ಹದಿನಾರು ಸಾಲಿನ ಕಲ್ಲು ಮೈಸೂರಿಗೆ ಹೋಯಿತು. ಊರಿನಲ್ಲಿ ಈಗ ಅದರ ಪ್ರತಿಕೃತಿ ನಿಂತಿದೆ. ಕಲ್ಲು ಹೋದರೂ ಹೆಸರು ಹೋಗಲಿಲ್ಲ. ಹಲ್ಮಿಡಿ ಎಂಬ ಸಣ್ಣ ಹಳ್ಳಿಯ ಹೆಸರು ಇಂದು ಕನ್ನಡ ಶಾಲೆಯ ಪ್ರತಿ ಮಗುವಿಗೂ ಗೊತ್ತು. ಮೇಷ್ಟರೊಬ್ಬರು ಊರಿನ ಹೆಸರನ್ನು ಸರಿಯಾಗಿ ಬರೆದುಕೊಂಡದ್ದರ ಫಲ ಇದು.

ಹಾಸನದಲ್ಲಿ ಪುರಾತತ್ತ್ವ ಇಲಾಖೆಯ ಜಿಲ್ಲಾ ವಸ್ತುಸಂಗ್ರಹಾಲಯ ಇದೆ. ಹಳೇಬೀಡಿನ ಗುಡಿಯ ಮಗ್ಗುಲಲ್ಲಿ ಕೇಂದ್ರ ಇಲಾಖೆಯದು ಇದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಕಲ್ಲಿನ ಕಡೆಗೆ ಗಮನ ಇನ್ನೂ ಹೆಚ್ಚಾಗಿದೆ. ಅದೇ ವರ್ಷ ಹೇಮಗಂಗೋತ್ರಿಯ ಸ್ನಾತಕೋತ್ತರ ಕೇಂದ್ರ ಹಾಸನ ವಿಶ್ವವಿದ್ಯಾಲಯವಾಯಿತು. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬೇಕೆಂಬ ಮಾತು ಸರ್ಕಾರದ ಮಟ್ಟದಲ್ಲೇ ಬಂತು. ಇರಲಿ, ಇದ್ದಷ್ಟು ದಿನವೂ ಒಂದು ಕೆಲಸ ಮಾಡಬಹುದು. ಅದಕ್ಕೆ ಅರಮನೆ ಬೇಡ, ಎರಡು ಕೋಣೆ ಸಾಕು.

ಹಳೇ ಸಾಮಾನು ಕೊಳ್ಳುವವರು ನಮ್ಮ ಊರುಗಳಿಗೆ ತಪ್ಪದೆ ಬರುತ್ತಾರೆ. ತೊಲೆ, ಬಾಗಿಲುವಾಡ, ಹಿತ್ತಾಳೆ ಹಂಡೆ, ಮಣೆ, ತೊಟ್ಟಿಲು ಅವರ ಗಾಡಿ ಏರುತ್ತವೆ, ಎಲ್ಲೋ ರೆಸಾರ್ಟಿನ ಮುಂಬಾಗಿಲಲ್ಲಿ ನಿಲ್ಲುತ್ತವೆ. ಅರಕಲಗೂಡಿನ ಹೊಗೆಸೊಪ್ಪಿನ ಬ್ಯಾರನ್ನಿನ ಸಲಕರಣೆ, ಚನ್ನರಾಯಪಟ್ಟಣದ ತೆಂಗಿನ ತೋಟದ ಹಾರೆ, ಹೊಳೆನರಸೀಪುರದ ಕಡೆಯ ಬೆಸ್ತರ ಬಲೆ, ಚಿಟ್ಟಿಮೇಳದ ವಾದ್ಯ, ಮೂ­ಡಲಪಾಯದವರ ಗೆಜ್ಜೆ ಯಾವ ಪಟ್ಟಿಯಲ್ಲೂ ಇಲ್ಲ. ಎಲ್ಲಕ್ಕಿಂತ ಮುಖ್ಯ ಇನ್ನೊಂದಿದೆ. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದು ನೀರು ನಿಂತಾಗ ಊರುಗಳು ಮುಳುಗಿದವು. ಗೊರೂರು ರಾಮಸ್ವಾಮಿ ಅಯ್ಯಂಗಾರರು ಪ್ರೀತಿಯಿಂದ ಬರೆದ ಹೊಳೆಯ ದಂಡೆಯ ಬದುಕಿನ ಒಂದು ಪಾಲು ನೀರಿನಡಿ ಇದೆ. ಎದ್ದು ಬಂದವರು ಗಾಡಿಯಲ್ಲಿ ಏನು ಹೇರಿಕೊಂಡು ಬಂದರು? ಬೀಸುಕಲ್ಲೋ, ದೇವರ ಪೆಟ್ಟಿಗೆಯೋ, ಕೊಳಗವೋ? ಆ ವಸ್ತುಗಳಿಗೆ ಇರುವ ಊರು ಭೂಪಟದಲ್ಲಿಲ್ಲ. ಅವನ್ನು ಬಳಸಿದವರು ಇನ್ನೂ ಕೆಲವರು ಬದುಕಿದ್ದಾರೆ. ವಿದ್ಯಾರ್ಥಿಗಳು ವಸ್ತುವನ್ನು ಕಿತ್ತು ತರುವುದೂ ಬೇಡ. ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಹೇಳಿ, ಚಿತ್ರ ತೆಗೆದು, ಅಳತೆ ಬರೆದು, ಅಜ್ಜಿಯ ಮಾತನ್ನು ಫೋನಿನಲ್ಲಿ ಹಿಡಿದು ತಂದರೆ ಸಾಕು. ಒಂದು ತರಗತಿಯ ಮಕ್ಕಳು ಒಂದು ದಸರಾ ರಜೆಯಲ್ಲಿ ಮಾಡಬಹುದಾದ ಕೆಲಸ.

ಹೋದ ಸುಗ್ಗಿಯಲ್ಲಿ ಊರಿಗೆ ಹೋದಾಗ ಅಟ್ಟದಿಂದ ನಮ್ಮ ಮನೆಯ ಕೊಳಗ ಇಳಿಸಿದೆ. ಅಮ್ಮ ಒರೆಸಿ ಕೊಟ್ಟರು. ಸೇರು ತಂದು ರಾಗಿ ತುಂಬಿ ನೋಡಿದೆವು. ಎಂಟು ಸೇರು ಹಿಡಿದು ಮೇಲೆ ಒಂದು ಪಾವು ಬೇಕಾಯಿತು. ಮಾಡಿದವರು ಯಾರೆಂದು ಅಮ್ಮನಿಗೆ ಗೊತ್ತಿಲ್ಲ, ಪಟ್ಟಿ ಬಿಗಿಸಿದ್ದು ಹೊಳೆನರಸೀಪುರದಲ್ಲಿ ಎಂದು ಅತ್ತೆ ಹೇಳುತ್ತಿದ್ದರಂತೆ. ಅಷ್ಟನ್ನು ಒಂದು ಕಾಗದದಲ್ಲಿ ಬರೆದೆ: ಮೊಸಳೆ, ಹಾಸನ ತಾಲ್ಲೂಕು, ಎಂಟು ಸೇರು ಒಂದು ಪಾವು. ಕಣದಲ್ಲಿ ಹೇಗೆ ಎಣಿಸುತ್ತಿದ್ದಿರಿ ಎಂದು ಕೇಳಿ ಫೋನು ಹತ್ತಿರ ಹಿಡಿದೆ. ಅಮ್ಮ ಸೆರಗು ಸರಿಮಾಡಿಕೊಂಡು ರಾಗಿಯ ರಾಶಿಯ ಮುಂದೆ ಕೂತರು. ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ. ಕೊಳಗ ತುಂಬಿ, ಕೈಯಿಂದ ಮಟ್ಟ ಮಾಡಿ, ಸುರಿಯುತ್ತಾ ಎಣಿಸತೊಡಗಿದರು: ಲಾಭ, ಎರಡು, ಮೂರು.